ಅಮ್ಮನಿಗೆ ವಸ್ತು ಗೊತ್ತು, ಹೆಸರು ಮಾತ್ರ ಬರುವುದಿಲ್ಲ: ಮಿದುಳಿನಲ್ಲಿ ಏನಾಗುತ್ತಿದೆ?

ತಿಪಟೂರು ತೆಂಗು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಅಮ್ಮನಿಗೆ 71. ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದವರು. ಈಗೀಗ ಮಾತಿನ ಮಧ್ಯೆ ಪದ ಸಿಗದೆ ನಿಂತುಬಿಡುತ್ತಾರೆ. ಮೊದಮೊದಲು ನೆಂಟರ ಹೆಸರು ತಡವರಿಸುತ್ತಿದ್ದರು, ಈಗ ಅಡುಗೆಮನೆ ಸಾಮಾನಿನ ಹೆಸರೂ ಹಾಗೇ ಆಗುತ್ತಿದೆ. ಮೊನ್ನೆ ಲಟ್ಟಣಿಗೆ ಬೇಕಿತ್ತು. "ಅದು ಕೊಡೇ... ಅದೇ, ಉರುಳಿಸೋದು, ಉದ್ದಕ್ಕಿರುತ್ತಲ್ಲ" ಎಂದರು. ಗಾಳಿಯಲ್ಲಿ ಕೈಯಾಡಿಸಿ ತೋರಿಸಿದರು ಕೂಡ. ಕೊಟ್ಟ ಮೇಲೆ ಚಪಾತಿ ಎಂದಿನ ಹಾಗೇ ಗುಂಡಗೆ, ತೆಳ್ಳಗೆ ಬಂತು. ಅಂದರೆ ವಸ್ತು ಗೊತ್ತು, ಕೆಲಸ ಗೊತ್ತು. ಹೆಸರು ಎಲ್ಲಿ ಹೋಯಿತು?

ಇನ್ನೊಂದು, ಗ್ಯಾಸ್ ಬುಕ್ ಮಾಡಿದೆಯಾ ಎಂದು ಕೇಳುತ್ತಾರೆ. ಮಾಡಿದೆ ಅಂದರೆ ಸರಿ ಅನ್ನುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಆದರೆ 1978ರಲ್ಲಿ ಟ್ರಾನ್ಸ್‌ಫರ್ ಆಗಿ ಹೋದ ಊರಿನ ಹೆಡ್‌ಮಾಸ್ಟರ್ ಎಂಥವರು, ಯಾವ ಬಸ್ಸಿಗೆ ಹೋಗುತ್ತಿದ್ದರು, ಎಲ್ಲ ಹೇಳುತ್ತಾರೆ. ಅಣ್ಣ ಅದನ್ನೇ ಹಿಡಿದುಕೊಂಡು "ಅಷ್ಟು ಹಳೇದು ನೆನಪಿರೋರಿಗೆ ಬೆಳಿಗ್ಗೆ ತಿಂದ ಉಪ್ಪಿಟ್ಟು ಮರೆತು ಹೋಗುತ್ತಾ, ಸುಮ್ನೆ ನಮ್ಮ ಗಮನ ಸೆಳೆಯೋಕೆ" ಅನ್ನುತ್ತಾನೆ.

ಸ್ಕ್ಯಾನ್ ರಿಪೋರ್ಟಿನಲ್ಲಿ ಮಿದುಳಿನ ಹಿಪ್ಪೊಕ್ಯಾಂಪಸ್ ಎನ್ನುವ ಭಾಗ ಕುಗ್ಗಿದೆ ಎಂದಿದೆ. ಡಾಕ್ಟರು ಆಲ್ಝೈಮರ್ ಶುರು ಇರಬಹುದು ಎಂದು ಮಾತ್ರೆ ಬರೆದು ಕಳಿಸಿದರು, ಕೇಳೋಕೆ ಟೈಮೇ ಸಿಗಲಿಲ್ಲ. ಮಿದುಳು ಕುಗ್ಗುವುದಕ್ಕೂ ಲಟ್ಟಣಿಗೆ ಅನ್ನುವ ಪದ ಸಿಗದೆ ಇರುವುದಕ್ಕೂ ಏನು ಸಂಬಂಧ? ಗೊತ್ತಿರುವವರು ಬಿಡಿಸಿ ಹೇಳಿ.

ಅಂಗಳದ ಚರ್ಚೆ

ಅರವತ್ತಾದ ಮೇಲೆ ಅರಳು ಮರಳು ಅಂತ ನಮ್ಮ ಹಿರಿಯರು ಸುಮ್ನೆ ಹೇಳಿದ್ದಾ? ನಮ್ಮಜ್ಜನೂ ಹೀಗೇ ಇದ್ದರು, ಯಾರೂ ಸ್ಕ್ಯಾನ್ ಮಾಡಿಸಲಿಲ್ಲ, 88 ವರ್ಷ ಬದುಕಿದರು. ಈಗ ಎಲ್ಲದಕ್ಕೂ ಒಂದು ಕಾಯಿಲೆ ಹೆಸರು ಇಟ್ಟು ಹೆದರಿಸುತ್ತಾರೆ.

ವಾಕ್ ಶ್ರವಣ

ನಾನು ಮೈಸೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಡಾಕ್ಟರ್ ಅಲ್ಲ, ಆದರೆ ಇಂಥವರ ಮಾತು ಕೇಳುವುದೇ ನನ್ನ ಕೆಲಸ.

ಮೊದಲು ಮೇಲಿನ ಸರ್‌ಗೆ. ವಯಸ್ಸಾದಾಗ ಪದ ತಡವಾಗುವುದು ನಿಜ. ಹೆಸರು ನಾಲಿಗೆ ತುದಿಯಲ್ಲಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟು ತಾನಾಗಿ ಬರುತ್ತದೆ, ಯಾರಾದರೂ ಮೊದಲ ಅಕ್ಷರ ಹೇಳಿದರೆ ಥಟ್ಟನೆ ಬರುತ್ತದೆ. ಅದಕ್ಕೆ ಹೆದರಬೇಕಿಲ್ಲ. ದಿನಬಳಕೆಯ ಪದವೇ ಕೈಕೊಡುವುದು, ಆಗಷ್ಟೇ ಕೇಳಿದ್ದನ್ನು ಮತ್ತೆ ಕೇಳುವುದು, ಬ್ಯಾಂಕು, ಅಡುಗೆ, ದಾರಿ ಇವುಗಳಲ್ಲಿ ಎಡವುವುದು ಬೇರೆ ವಿಷಯ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 7.4 ಶೇಕಡಾ, ಅಂದರೆ 88 ಲಕ್ಷ ಜನಕ್ಕೆ ಡಿಮೆನ್ಶಿಯಾ (ನೆನಪು, ಮಾತು, ಯೋಚನೆ ಕುಂದುವ ಕಾಯಿಲೆಗಳ ಒಟ್ಟು ಹೆಸರು, ಆಲ್ಝೈಮರ್ ಅದರಲ್ಲೊಂದು) ಇದೆ ಎಂದು 2023ರಲ್ಲಿ ಬಂದ ದೊಡ್ಡ ಸಮೀಕ್ಷೆಯ ಅಂದಾಜು. ನೂರರಲ್ಲಿ ಮಿಕ್ಕ 92 ಜನಕ್ಕೆ ಇಲ್ಲ ಅಲ್ವಾ? ಹಾಗಾದರೆ ಅದು ವಯಸ್ಸಿನ ಸಹಜ ಗುಣ ಹೇಗಾಗುತ್ತದೆ?

ಈಗ ತಿಪಟೂರಿನವರಿಗೆ. ಆಲ್ಝೈಮರ್‌ನಲ್ಲಿ ಎರಡು ಪ್ರೋಟೀನುಗಳ ಗಲಾಟೆ. ಅಮೈಲಾಯ್ಡ್ ಎನ್ನುವುದು ನರಕೋಶಗಳ ಹೊರಗೆ ಗಂಟುಗಂಟಾಗಿ ಕೂರುತ್ತದೆ. ಟೌ ಎನ್ನುವುದು ಕೋಶದ ಒಳಗೇ ಸಿಕ್ಕು ಹಾಕಿಕೊಳ್ಳುತ್ತದೆ. ಇದು ಮನೆಯವರಿಗೆ ಗೊತ್ತಾಗುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಶುರುವಾಗಿರುತ್ತದೆ. ಮಾತು, ಯೋಚನೆ ಕೆಡುವುದು ಟೌ ಎಲ್ಲೆಲ್ಲಿ ಹಬ್ಬುತ್ತದೋ ಅದನ್ನು ಹಿಂಬಾಲಿಸುತ್ತದೆ. ಅದು ಮಿದುಳಿನ ತುಂಬ ಒಂದೇ ಸಲ ಹರಡುವುದಿಲ್ಲ. ಕಿವಿಯ ಒಳಬದಿಗೆ ಬರುವ ಟೆಂಪೊರಲ್ ಭಾಗದ ಒಂದು ಮೂಲೆಯಲ್ಲಿ ಶುರುವಾಗಿ ಪಕ್ಕದ ಹಿಪ್ಪೊಕ್ಯಾಂಪಸ್‌ಗೆ ಬಂದು, ಆಮೇಲೆ ಪದಗಳ ಅರ್ಥ ಜೋಡಿಸುವ ಹೊರಭಾಗಗಳಿಗೆ ಹೋಗುತ್ತದೆ. ಕೈಕಾಲು ಆಡಿಸುವ ಭಾಗ, ಕಣ್ಣು ಕಂಡದ್ದನ್ನು ಮೊದಲು ಪಡೆಯುವ ಭಾಗ ಇವೆಲ್ಲ ಕೊನೆಯವರೆಗೂ ಸಾಕಷ್ಟು ಉಳಿಯುತ್ತವೆ. ಸಂಶೋಧಕರಾದ ಬ್ರಾಕ್ ದಂಪತಿ 1991ರಲ್ಲಿ ಈ ದಾರಿಯನ್ನು ಹಂತ ಹಂತವಾಗಿ ಬರೆದಿಟ್ಟರು. ಇವತ್ತಿಗೂ ಅದನ್ನೇ ಬಳಸುತ್ತಾರೆ.

ನಿಮ್ಮಣ್ಣನ ಅನುಮಾನಕ್ಕೆ ಉತ್ತರ ಇಲ್ಲೇ ಇದೆ. ಹಿಪ್ಪೊಕ್ಯಾಂಪಸ್ ಕೆಲಸ ಮುಖ್ಯವಾಗಿ ಹೊಸದನ್ನು ದಾಖಲು ಮಾಡುವುದು. 1978ರ ಕಥೆ ಎಷ್ಟೋ ಸಲ ಹೇಳಿ ಹೇಳಿ ಮಿದುಳಿನ ಬೇರೆ ಕಡೆ ಭದ್ರವಾಗಿ ಕೂತಿದೆ. ಬೆಳಿಗ್ಗೆಯ ಉಪ್ಪಿಟ್ಟು ಹಾಜರಿ ಪುಸ್ತಕಕ್ಕೆ ಹತ್ತಲೇ ಇಲ್ಲ. ಬರೆಯದೇ ಇದ್ದದ್ದನ್ನು ಓದು ಅಂದರೆ ಎಲ್ಲಿಂದ ಓದುತ್ತಾರೆ? ಇದು ನಾಟಕ ಅಲ್ಲ ಎಂದು ಅವರಿಗೆ ಹೇಳಿ. ಗ್ಯಾಸ್ ಪ್ರಶ್ನೆಯೂ ಅಷ್ಟೇ, ನಿಮ್ಮ ಉತ್ತರ ಒಳಗೆ ಉಳಿಯುವುದಿಲ್ಲ, ಆತಂಕ ಮಾತ್ರ ಉಳಿಯುತ್ತದೆ, ಅದಕ್ಕೆ ಮತ್ತೆ ಕೇಳುತ್ತಾರೆ.

ಲಟ್ಟಣಿಗೆ ವಿಷಯ ಬೇರೆ. ಹಿಟ್ಟು ಲಟ್ಟಿಸುವ ಕೈ ಅಭ್ಯಾಸ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ, ಹಿಂದಿನ ಸೆರೆಬೆಲ್ಲಮ್ ಕಡೆಯದು. ಅವು ಬಹಳ ಕಾಲ ತಡೆಯುತ್ತವೆ. ಆ ವಸ್ತು ಏನು ಎನ್ನುವ ತಿಳಿವಳಿಕೆ ಒಂದು ಹಂತ, ಆ ತಿಳಿವಳಿಕೆಯಿಂದ "ಲ-ಟ್ಟ-ಣಿ-ಗೆ" ಎಂಬ ಸದ್ದನ್ನು ಎತ್ತಿ ತರುವುದು ಮತ್ತೊಂದು ಹಂತ. ಈಗ ತಡವರಿಸುತ್ತಿರುವುದು ಎರಡನೆಯದು. ವಾಕ್ಯ ಕಟ್ಟುವುದು ಹೇಗಿದೆ ನೋಡಿ, ವ್ಯಾಕರಣ ಸರಿ ಇದೆ, "ಕೊಡೇ" ಎಂದು ಮಗಳಿಗೆ ಹೇಗೆ ಹೇಳಬೇಕೋ ಹಾಗೇ ಹೇಳಿದ್ದಾರೆ. ಆಲ್ಝೈಮರ್ ಶುರುವಿನಲ್ಲಿ ಮಾತು ಹೀಗೇ ಇರುತ್ತದೆ. ಮಾತು ಹರಿಯುತ್ತದೆ, ಆದರೆ ಅದರಲ್ಲಿ ಅದು, ಇದು, ಅವರು, ಅಲ್ಲಿ ಜಾಸ್ತಿ, ಹೆಸರು ಕಮ್ಮಿ.

ತಿಪಟೂರು ತೆಂಗು

ಮೇಡಂ, ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಫಾರ್ವರ್ಡ್ ಮಾಡಿದ್ದೇನೆ. ಆಸ್ಪತ್ರೆಯಲ್ಲಿ ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿ ಹೆಸರು ಹೇಳುತ್ತೀರಿ ಎಂದು ಕೇಳಿದ್ದರು. ಅಮ್ಮ "ಹಸು, ಎಮ್ಮೆ, ನಾಯಿ, ಬೆಕ್ಕು..." ಎಂದು ನಿಂತು, ಮತ್ತೆ "ಹಸು" ಎಂದು, ಆಮೇಲೆ "ಪ್ರಾಣಿ ಬೇಕಾದಷ್ಟಿವೆ ಬಿಡಪ್ಪ" ಎಂದರು. ಆದರೆ 'ಪ' ಅಕ್ಷರದಿಂದ ಶುರುವಾಗುವ ಪದ ಕೇಳಿದಾಗ ಪಾಟಿ, ಪರದೆ, ಪಂಚೆ ಎಂದು ಸಾಕಷ್ಟು ಬಂತು. ಇದೇನು ಆಟ?

ವಾಕ್ ಶ್ರವಣ

ಆಟ ಅಲ್ಲ, ಅದರಲ್ಲೇ ಬೇಕಾದಷ್ಟು ಗೊತ್ತಾಗುತ್ತದೆ. ಪ್ರಾಣಿ ಹೆಸರು ಹೇಳುವಾಗ ಅರ್ಥದ ಜಾಲದಲ್ಲಿ ಓಡಾಡಬೇಕು, ಸಾಕುಪ್ರಾಣಿ ಮುಗಿಸಿ ಕಾಡಿಗೆ ಹೋಗಬೇಕು, ಅಲ್ಲಿಂದ ಹಕ್ಕಿಗಳಿಗೆ. ಅದು ಟೆಂಪೊರಲ್ ಭಾಗದ ಮೇಲೆ ಜಾಸ್ತಿ ಭಾರ. ಅಕ್ಷರದಿಂದ ಹುಡುಕುವುದು ಹಣೆಯ ಹಿಂದಿನ ಫ್ರಾಂಟಲ್ ಭಾಗದ ಮೇಲೆ ಜಾಸ್ತಿ ಭಾರ. ಆಲ್ಝೈಮರ್ ಶುರುವಿನಲ್ಲಿ ಸಾಮಾನ್ಯವಾಗಿ ಪ್ರಾಣಿ ಪಟ್ಟಿ ಮೊದಲು ಸೊರಗುತ್ತದೆ. ನಿಮ್ಮಮ್ಮನದು ಅದಕ್ಕೆ ಹೊಂದುತ್ತದೆ. ಹಾಗೆಂದು ಇದೊಂದರಿಂದಲೇ ಯಾರೂ ತೀರ್ಮಾನ ಮಾಡಬಾರದು. ಬಿ12, ಥೈರಾಯ್ಡ್ ನೋಡಿಸಿದ್ದೀರಾ? ಖಿನ್ನತೆ, ಕಿವಿ ಕೇಳದಿರುವುದು, ನಿದ್ರೆ ಮಾತ್ರೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು ಇವೆಲ್ಲವೂ ಡಿಮೆನ್ಶಿಯಾ ಥರಾನೇ ಕಾಣುತ್ತವೆ. ಇವಕ್ಕೆ ಚಿಕಿತ್ಸೆ ಇದೆ.

ಕುಂದಾ ಪ್ರಿಯ, ಬೆಳಗಾವಿ

ನಮ್ಮ ಅಪ್ಪಾಜಿ ಕಥೆ ಪೂರ್ತಿ ಉಲ್ಟಾ, ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಬೆಳಿಗ್ಗೆ ಏನು ತಿಂದರು ಗೊತ್ತು. ನಾಳೆ ಯಾರು ಬರುತ್ತಾರೆ ಗೊತ್ತು. ಪೇಟೆಗೆ ಒಬ್ಬರೇ ಹೋಗಿ ಬರುತ್ತಿದ್ದರು, ದಾರಿ ತಪ್ಪಿದ್ದೇ ಇಲ್ಲ. ಆದರೆ ಒಂದು ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ ಊಟ ಮಾಡುತ್ತಾ ಕೂತಾಗ ಅವ್ವ "ಇನ್ನೊಂದು ಬದನಿಕಾಯಿ ಹಾಕ್ಲಿ?" ಅಂದಳು. ಅಪ್ಪಾಜಿ ಕೈ ನಿಲ್ಲಿಸಿ "ಬದನಿಕಾಯಿ ಅಂದ್ರ ಏನು?" ಎಂದು ಕೇಳಿದರು. ತಮಾಷೆ ಅಂತ ಅವ್ವ ನಕ್ಕಳು. ತಟ್ಟೆಯಲ್ಲಿ ಇರುವುದನ್ನೇ ತೋರಿಸಿದರೂ ಅವರಿಗೆ ಆ ಪದ ಪರದೇಶದ್ದು. ತಿಪಟೂರಿನವರ ಅಮ್ಮನ ಹಾಗೆ "ಅದೇ, ಉರುಳಿಸೋದು" ಎಂದು ಸುತ್ತಿ ಬಳಸಿ ಹೇಳುವುದೂ ಅವರಿಗೆ ಆಗುತ್ತಿರಲಿಲ್ಲ. ಹೋಗಿರುವುದು ಹೆಸರಲ್ಲ, ಅರ್ಥ. ಮುಂದೆ ಹಸಿ ಬದನೆಕಾಯಿಯನ್ನು ಬಾಳೆಹಣ್ಣಿನ ಬುಟ್ಟಿಯಲ್ಲಿ ಇಟ್ಟರು, ಕಚ್ಚಿ ನೋಡಿ ಉಗುಳಿದರು.

ಜೊತೆಗೆ ಸಿಹಿ ಹುಚ್ಚು. ದಿನಾ ಅದೇ ಹೊತ್ತಿಗೆ ಅದೇ ಅಂಗಡಿಯ ಕುಂದಾ ಬೇಕು, ಐದು ನಿಮಿಷ ತಡ ಆದರೆ ಸಿಟ್ಟು. ಮೊದಲು ತೋರಿಸಿದ ಡಾಕ್ಟರು ಮಾನಸಿಕ ಎಂದು ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಆಮೇಲೆ ಬೆಂಗಳೂರಿಗೆ ಹೋದಾಗ ಸ್ಕ್ಯಾನ್ ನೋಡಿ ಎಡಗಡೆ ಟೆಂಪೊರಲ್ ಭಾಗದ ಮುಂದಿನ ತುದಿ ಪೂರಾ ಸವೆದಿದೆ, ಇದು ಸೆಮ್ಯಾಂಟಿಕ್ ಡಿಮೆನ್ಶಿಯಾ ಎಂದರು.

ಒಂದು ವಿಚಿತ್ರ ಹೇಳುತ್ತೇನೆ ನೋಡ್ರಿ. ಈ ಎಲ್ಲದರ ನಡುವೆ ಅಪ್ಪಾಜಿ ದಿನಪತ್ರಿಕೆ ಗಟ್ಟಿಯಾಗಿ, ಎಲ್ಲೂ ತಡೆಯದೆ ಓದುತ್ತಿದ್ದರು. ನೆಂಟರು "ಪೇಪರ್ ಓದೋರಿಗೆ ಏನಾಗಿದೆ" ಎಂದು ನಮ್ಮನ್ನೇ ಬೈದರು. ಓದಿದ ಸುದ್ದಿಯಲ್ಲಿ ಮಳೆ ಎಂದರೇನು ಎಂದು ಕೇಳಿದರೆ ಮುಖ ನೋಡುತ್ತಿದ್ದರು.

ವಾಕ್ ಶ್ರವಣ

ನೀವು ಹೇಳಿದ ಪೇಪರ್ ವಿಷಯ ತುಂಬಾ ಮುಖ್ಯ. ಇಂಗ್ಲಿಷಿನಲ್ಲಿ ಈ ಕಾಯಿಲೆ ಓದಿನಲ್ಲೇ ಸಿಕ್ಕಿಬೀಳುತ್ತದೆ. ಅಲ್ಲಿ ಬರೆಯುವುದೊಂದು, ಓದುವುದೊಂದು. ಅರ್ಥ ಗೊತ್ತಿದ್ದರೇನೇ ಎಷ್ಟೋ ಪದಗಳ ಉಚ್ಚಾರ ಸರಿ ಬರುವುದು, ಅರ್ಥ ಅಳಿಸಿದವರು ಬರೆದ ಹಾಗೇ ಓದಿ ತಪ್ಪುತ್ತಾರೆ. ಕನ್ನಡದಲ್ಲಿ ಹೆಚ್ಚುಕಮ್ಮಿ ಬರೆದಂತೆ ಓದುತ್ತೇವೆ. ಅಕ್ಷರ ಗೊತ್ತಿದ್ದರೆ ಅರ್ಥವೇ ಇಲ್ಲದೆ ಪೂರ್ತಿ ಪುಟ ಓದಿಬಿಡಬಹುದು. ಹಾಗಾಗಿ ನಮ್ಮಲ್ಲಿ ಗಟ್ಟಿಯಾಗಿ ಓದಿಸಿ "ಸರಿ ಇದ್ದಾರೆ" ಅನ್ನುವುದು ಮೋಸ. ಓದಿದ್ದೇನು ಎಂದು ಕೇಳಬೇಕು, ಚಿತ್ರಕ್ಕೆ ಪದ ಹೊಂದಿಸಲು ಹೇಳಬೇಕು.

ಮರೆವಿನಿಂದ ಅಲ್ಲದೆ, ಮಾತಿನಿಂದಲೇ ಶುರುವಾಗುವ ಈ ಗುಂಪನ್ನು ಪ್ರೈಮರಿ ಪ್ರೊಗ್ರೆಸಿವ್ ಅಫೇಸಿಯಾ ಅನ್ನುತ್ತಾರೆ. ಅಫೇಸಿಯಾ ಅಂದರೆ ಭಾಷೆಯ ಶಕ್ತಿ ಕುಂದುವುದು. ಅಮೆರಿಕದ ನರತಜ್ಞ ಮಾರ್ಸೆಲ್ ಮೆಸುಲಮ್ 1982ರಲ್ಲಿ ಆರು ರೋಗಿಗಳ ಬಗ್ಗೆ ಬರೆದ ಮೇಲೆ ಇದಕ್ಕೆ ಗಮನ ಬಂತು, 2011ರಲ್ಲಿ ಮೂರು ಬಗೆ ಎಂದು ತಜ್ಞರು ಒಪ್ಪಿದರು. ಅಪ್ಪಾಜಿಯವರದು ಸೆಮ್ಯಾಂಟಿಕ್, ಅರ್ಥ ಅಳಿಯುವುದು.

ಇನ್ನೊಂದರಲ್ಲಿ ಎಡಗಡೆ ಫ್ರಾಂಟಲ್ ಭಾಗದ ಹಿಂದಿನ ಅಂಚು ಸವೆಯುತ್ತದೆ. ಮಾತು ಕಷ್ಟಪಟ್ಟು, ತುಂಡು ತುಂಡಾಗಿ ಬರುತ್ತದೆ. "ನಾನು... ಅಂಗಡಿ... ಹಾಲು... ತರು" ಎಂಬ ಹಾಗೆ. ಕನ್ನಡದಲ್ಲಿ ಇದು ಬೇಗ ಎದ್ದು ಕಾಣುತ್ತದೆ, ಯಾಕೆಂದರೆ ನಾವು ವಿಭಕ್ತಿ, ಕಾಲ, ಲಿಂಗ, ಗೌರವ ಎಲ್ಲವನ್ನೂ ಪದದ ಬಾಲಕ್ಕೆ ಕಟ್ಟುತ್ತೇವೆ, ಬಾಲವೇ ಉದುರಿದರೆ ಯಾರು ಯಾರಿಗೆ ಏನು ಮಾಡಿದರು ಎನ್ನುವುದೇ ಹೋಯಿತು. ಇವರಿಗೆ ಪದದ ಅರ್ಥ ಚೆನ್ನಾಗಿ ಗೊತ್ತಿರುತ್ತದೆ. ತಾವು ತಪ್ಪುತ್ತಿರುವುದೂ ಗೊತ್ತಿರುತ್ತದೆ. ಅದಕ್ಕೇ ಸಂಕಟ ಜಾಸ್ತಿ.

ಮೂರನೆಯದು ಲೋಗೊಪೆನಿಕ್. ಎಡ ಕಿವಿಯ ಮೇಲೆ, ಸ್ವಲ್ಪ ಹಿಂದೆ ಟೆಂಪೊರಲ್ ಭಾಗ, ನೆತ್ತಿಯ ಕಡೆಯ ಪರೈಟಲ್ ಭಾಗ ಸೇರುವ ಜಾಗ. ಕೇಳಿದ ಸದ್ದನ್ನು ಕೆಲವು ಕ್ಷಣ ಹಿಡಿದಿಟ್ಟುಕೊಳ್ಳುವ ಶಕ್ತಿ ಕುಂದುತ್ತದೆ. ಚಿಕ್ಕ ವಾಕ್ಯ ತಿರುಗಿ ಹೇಳುತ್ತಾರೆ, ಉದ್ದದ್ದಾದರೆ ಅರ್ಧಕ್ಕೆ ಬಿಡುತ್ತಾರೆ. ಇದರ ಹಿಂದೆ ಹೆಚ್ಚಾಗಿ ಇರುವುದು ಆಲ್ಝೈಮರ್ ಬದಲಾವಣೆಗಳೇ. ಅದೇ ಪ್ರೋಟೀನು ಬೇರೆ ಜಾಗದಲ್ಲಿ ಜೋರಾದರೆ ಕಾಣುವ ಕಾಯಿಲೆಯೇ ಬೇರೆ. ನಟ ಬ್ರೂಸ್ ವಿಲ್ಲಿಸ್ ಅವರಿಗೆ ಅಫೇಸಿಯಾ ಎಂದು ಮನೆಯವರು 2022ರಲ್ಲಿ ಹೇಳಿದರು, ಮರುವರ್ಷ ಫ್ರಾಂಟೊಟೆಂಪೊರಲ್ ಡಿಮೆನ್ಶಿಯಾ (ಫ್ರಾಂಟಲ್, ಟೆಂಪೊರಲ್ ಭಾಗ ಸವೆಯುವ ಕಾಯಿಲೆ) ಎಂದರು. ಅದಾದ ಮೇಲೆ ನಮ್ಮ ಕ್ಲಿನಿಕ್ಕಿಗೂ ಈ ಪದ ಹಿಡಿದುಕೊಂಡು ಬರುವವರು ಇದ್ದಾರೆ.

ಇದನ್ನೆಲ್ಲ ಯಾಕೆ ಹೇಳುತ್ತೇನೆ ಅಂದರೆ, ಎಲ್ಲವನ್ನೂ "ಮರೆವು" ಎಂದು ಒಂದೇ ಚೀಲಕ್ಕೆ ಹಾಕಬೇಡಿ. ಹೇಗೆ ತಪ್ಪುತ್ತಾರೆ ಎನ್ನುವುದನ್ನು ನೋಡಿ. ಹೆಸರು ಸಿಗುತ್ತಿಲ್ಲವೋ, ಅರ್ಥವೇ ಇಲ್ಲವೋ, ವಾಕ್ಯ ಮುರಿಯುತ್ತಿದೆಯೋ, ಕೇಳಿದ್ದು ಉಳಿಯುತ್ತಿಲ್ಲವೋ. ನೀವು ಅವರ ಜೊತೆ ಹೇಗೆ ಮಾತಾಡಬೇಕು ಎನ್ನುವುದು ಅದರ ಮೇಲೇ ನಿಂತಿದೆ.

ಹಳೇ ಪುಸ್ತಕದ ಹುಳ

ಕೊಂಚ ಇತಿಹಾಸ, ಸಂಬಂಧ ಇದೆ ಅನ್ನಿಸಿತು. ಆಲ್ಝೈಮರ್ ಕಾಯಿಲೆಯ ಮೊದಲ ರೋಗಿ ಎಂದು ದಾಖಲಾದವರು ಆಗುಸ್ಟೆ ಡೇಟರ್ ಎಂಬ ಹೆಂಗಸು. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಬಂದಾಗ ಅವರಿಗೆ 51. ಅಲ್ಲಿನ ಡಾಕ್ಟರು ಅಲೋಯಿಸ್ ಆಲ್ಝೈಮರ್ ಆಕೆಯ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಂಡರು. ಹೆಸರೇನು ಅಂದರೆ ಆಗುಸ್ಟೆ, ಮನೆತನದ ಹೆಸರು ಅಂದರೂ ಆಗುಸ್ಟೆ, ಗಂಡನ ಹೆಸರು ಅಂದರೂ ಆಗುಸ್ಟೆ ಇರಬೇಕು. ಹೂಕೋಸು, ಹಂದಿಮಾಂಸ ತಿನ್ನುತ್ತಿದ್ದಾಗ ಏನು ತಿನ್ನುತ್ತಿದ್ದೀರಿ ಎಂದರೆ ಪಾಲಕ್ ಎಂದರು. ಪೆನ್ಸಿಲ್, ಪೆನ್ನು, ಪರ್ಸ್, ಕೀಲಿಕೈ, ಚುಟ್ಟ ತೋರಿಸಿದರೆ ಎಲ್ಲ ಸರಿ ಹೇಳಿದರು, ಸ್ವಲ್ಪ ಹೊತ್ತು ಬಿಟ್ಟು ಏನೇನು ತೋರಿಸಿದೆ ಎಂದರೆ ಗೊತ್ತಿಲ್ಲ. ಮೇಲೆ ಮೇಡಂ ಹೇಳಿದ ಹಾಜರಿ ಪುಸ್ತಕ ಇದೇ ಅಲ್ವಾ? 1906ರಲ್ಲಿ ಆಗುಸ್ಟೆ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ ಆ ಗಂಟು, ಸಿಕ್ಕುಗಳನ್ನು ಆಲ್ಝೈಮರ್ ಅದೇ ವರ್ಷ ಟ್ಯೂಬಿಂಗನ್‌ನಲ್ಲಿ ವಿವರಿಸಿದರು. ಕಾಯಿಲೆಗೆ ಆ ಹೆಸರು ಬಂದದ್ದು 1910ರಲ್ಲಿ, ಮನೋವೈದ್ಯ ಕ್ರೆಪೆಲಿನ್ ಅವರಿಂದ. ಆಗುಸ್ಟೆಯ ಆ ಫೈಲ್ 1995ರಲ್ಲಿ ಮತ್ತೆ ಸಿಕ್ಕಿತು.

ಇನ್ನೊಂದು, ಇಂಗ್ಲಿಷ್ ಕಾದಂಬರಿಕಾರ್ತಿ ಐರಿಸ್ ಮರ್ಡಾಕ್, ಅವರಿಗೂ ಕೊನೆಗೆ ಆಲ್ಝೈಮರ್ ಇತ್ತು. ಅವರ 1954ರ ಮೊದಲ ಕಾದಂಬರಿ, ನಡುವಿನದೊಂದು, 1995ರ ಕೊನೆಯದು, ಈ ಮೂರನ್ನು ಲಂಡನ್ನಿನ ಸಂಶೋಧಕರು ಪದ ಪದ ಎಣಿಸಿ ಹೋಲಿಸಿದರು. ವಾಕ್ಯ ರಚನೆಯಲ್ಲಿ ಅಂಥ ವ್ಯತ್ಯಾಸ ಇಲ್ಲ, ಪದಗಳ ವೈವಿಧ್ಯ ಮಾತ್ರ ಕೊನೆಯದರಲ್ಲಿ ಕುಗ್ಗಿತ್ತು. ಕಾಯಿಲೆ ಪತ್ತೆಯಾಗುವ ಮುಂಚೆ ಬರೆದ ಪುಸ್ತಕ ಅದು.

ಸನ್ನಿವೇಲ್ ಶೆಟ್ರು

ಮಾರಾಯ್ರೆ, ನಮ್ಮ ಮನೆಯಲ್ಲಿ ಭಾಷೆಯದೇ ದೊಡ್ಡ ತಮಾಷೆ, ಅಳುವುದೋ ನಗುವುದೋ ಗೊತ್ತಿಲ್ಲ. ಅಮ್ಮ ಹುಟ್ಟಿದ್ದು ಉಡುಪಿ ಕಡೆ, ಮನೆಮಾತು ತುಳು. ಓದಿದ್ದು ಕನ್ನಡ. ಮದುವೆಯಾಗಿ ಬೊಂಬಾಯಿ, ಅಲ್ಲಿ ಹಿಂದಿ, ಮರಾಠಿ. ಈಗ ನಮ್ಮ ಜೊತೆ ಕ್ಯಾಲಿಫೋರ್ನಿಯಾ, ಮೊಮ್ಮಕ್ಕಳ ಜೊತೆ ಅಷ್ಟಿಷ್ಟು ಇಂಗ್ಲಿಷ್. ಈಗ ಇಂಗ್ಲಿಷ್ ಹೆಚ್ಚುಕಮ್ಮಿ ಹೋಗಿದೆ. ಮನೆಗೆ ಬರುವ ಅಮೆರಿಕನ್ ನರ್ಸಿಗೆ "ಒಣಸ್ ಆಂಡಾ?" (ಊಟ ಆಯ್ತಾ?) ಎಂದು ತುಳುವಿನಲ್ಲಿ ಕೇಳುತ್ತಾರೆ, ಆಕೆ ಉತ್ತರ ಕೊಡದಿದ್ದರೆ ಅಹಂಕಾರ ಎಂದು ನನ್ನ ಹತ್ತಿರ ದೂರು. ನನ್ನ ಜೊತೆ ಒಂದೇ ವಾಕ್ಯದಲ್ಲಿ ತುಳು, ಹಿಂದಿ ಎರಡೂ. ಇದೂ ಕಾಯಿಲೆಯ ಭಾಗವಾ? ಇಲ್ಲಿನ ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ, ದುಭಾಷಿ ಹಿಂದಿಯವರು. ಅಮ್ಮನಿಗೆ ಸೊನ್ನೆ ಹಾಕಿ ಕಳಿಸಿದ ಹಾಗೆ ಆಯಿತು.

ವಾಕ್ ಶ್ರವಣ

ಶೆಟ್ರೇ, ಹೌದು. ಆಮೇಲೆ ಕಲಿತ ಭಾಷೆ, ಕಮ್ಮಿ ಬಳಸಿದ ಭಾಷೆ ಮೊದಲು ದುರ್ಬಲ ಆಗುವುದು ತುಂಬಾ ಜನರಲ್ಲಿ ಕಾಣುತ್ತದೆ. ಎಲ್ಲರಲ್ಲೂ ಹೀಗೇ ಅಂತಿಲ್ಲ, ಕೆಲವರಲ್ಲಿ ಎಲ್ಲ ಭಾಷೆಯೂ ಒಟ್ಟಿಗೇ ಇಳಿಯುತ್ತವೆ. ನರ್ಸಿಗೆ ತುಳು ಮಾತಾಡುವುದು ಭಾಷೆ ಮರೆತದ್ದಕ್ಕಿಂತ ಬೇರೆ. ಎದುರಿಗಿರುವವರು ಯಾರು, ಅವರಿಗೆ ಯಾವ ಭಾಷೆ ಬರುತ್ತದೆ ಎಂದು ನೋಡಿ, ಮಿಕ್ಕ ಭಾಷೆಗಳನ್ನು ತಡೆದು ಒಂದನ್ನು ಆರಿಸಬೇಕು. ಆ ತಡೆಯುವ, ಆರಿಸುವ ಕೆಲಸ ಫ್ರಾಂಟಲ್ ಭಾಗದ್ದು. ಅದು ಕುಂದಿದಾಗ ಭಾಷೆಗಳು ಒಂದರ ಮೇಲೊಂದು ಬರುತ್ತವೆ.

ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು ಎಂದು ರಿಪೋರ್ಟಿನಲ್ಲಿ ಬರೆಸಿ, ಬಿಡಬೇಡಿ. ಬರದ ಭಾಷೆಯಲ್ಲಿ ಕೇಳಿದರೆ ಚೆನ್ನಾಗಿರುವವರೂ ಫೇಲು. ಇಲ್ಲಿ ಭಾರತದಲ್ಲಿ ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕನ್ನಡ ಸೇರಿ ಐದು ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛ ಮಾಡಿದ್ದಾರೆ. ಓದು ಬರಹ ಇಲ್ಲದವರಿಗೂ ಬೇರೆ ಪ್ರಶ್ನೆಗಳಿವೆ. ತುಳು ಗೊತ್ತಿರುವ ಒಬ್ಬರನ್ನು ವಿಡಿಯೊ ಕಾಲಿನಲ್ಲಾದರೂ ಕೂರಿಸಿಕೊಳ್ಳಿ.

ಎರಡು ಭಾಷೆ ಸಾಕು

ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ ಡಾ. ಸುವರ್ಣ ಅಲ್ಲಾಡಿ ಮತ್ತು ತಂಡ 2013ರಲ್ಲಿ ಬರೆದದ್ದು ನೆನಪಾಯಿತು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಶಾಲೆಗೇ ಹೋಗದವರಲ್ಲೂ ಹಾಗೇ. ನಮ್ಮಂಥ ಊರಿಗೆ ಇದು ಖುಷಿಯ ಸುದ್ದಿ. ಮಕ್ಕಳಿಗೆ ಐದು ಭಾಷೆ ಕಲಿಸಿಬಿಡೋಣ!

ವಾಕ್ ಶ್ರವಣ

ಕಲಿಸಿ, ಒಳ್ಳೆಯದೇ. ಆದರೆ ಅದೇ ಅಧ್ಯಯನದಲ್ಲಿ ಎರಡಕ್ಕಿಂತ ಜಾಸ್ತಿ ಭಾಷೆಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ತಡವಾಗುತ್ತದೆ ಎಂದರೆ ಬರುವುದೇ ಇಲ್ಲ ಅಂತಲೂ ಅಲ್ಲ. ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಕೆಲವು ಬೇರೆ ಅಧ್ಯಯನಗಳಲ್ಲಿ ಈ ಲಾಭ ಸಿಕ್ಕಿಲ್ಲ, ಚರ್ಚೆ ನಡೆಯುತ್ತಲೇ ಇದೆ.

ಬಿಸಿಬೇಳೆ ಸೊಸೆ

ನಮ್ಮತ್ತೆಗೆ ಮಾತು ಸರಿ ಇದೆ, ಯೋಚನೆಯೇ ನಿಧಾನ. ಬಿಪಿ, ಶುಗರ್ ಇಪ್ಪತ್ತು ವರ್ಷದ್ದು. ಬಿಸಿಬೇಳೆಬಾತ್ ಮಾಡುವಾಗ ಬೇಳೆ ಬೇಯಿಸುತ್ತಾರೆ, ಹುಣಸೆಹಣ್ಣು ನೆನೆಸುತ್ತಾರೆ, ಆಮೇಲೆ ಒಲೆ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಮುಂದೇನು ಎನ್ನುವುದು ಹೊಳೆಯುವುದಿಲ್ಲ. "ಅತ್ತೆ, ಪುಡಿ ಹಾಕಿ" ಎಂದರೆ ಎಷ್ಟು ಹಾಕಬೇಕೋ ಅಷ್ಟೇ ಕರೆಕ್ಟಾಗಿ ಹಾಕುತ್ತಾರೆ. ಒಂದು ಪ್ರಶ್ನೆ ಕೇಳಿದರೆ ಉತ್ತರಕ್ಕೆ ಅರ್ಧ ನಿಮಿಷ. ಡಾಕ್ಟರು ಸಣ್ಣ ರಕ್ತನಾಳ ಕಟ್ಟಿ ಮಿದುಳಿನ ಒಳಗಿನ ಬಿಳಿ ಭಾಗಕ್ಕೆ ಪೆಟ್ಟಾಗಿದೆ, ಭಾಗಗಳ ನಡುವಿನ ಸಂಪರ್ಕ ಸರಿಯಿಲ್ಲ ಎಂದರು, ವ್ಯಾಸ್ಕ್ಯುಲರ್ ಡಿಮೆನ್ಶಿಯಾ ಅಂತೆ. ಬಿಪಿ ಹಿಡಿತದಲ್ಲಿಟ್ಟರೆ ಇನ್ನೂ ಇಳಿಯುವುದನ್ನು ನಿಧಾನ ಮಾಡಬಹುದು ಎಂದರು. ಒಂದೊಂದೇ ಕೆಲಸ ಹೇಳಿದರೆ ಅಡುಗೆ ಈಗಲೂ ಅವರದೇ.

ನಾಟಿ ವೈದ್ಯ ಮಿತ್ರ

ದಿನಾ ಬೆಳಿಗ್ಗೆ ಎರಡು ಚಮಚ ಕೊಬ್ಬರಿ ಎಣ್ಣೆ, ನಮ್ಮ ಒಂದೆಲಗ ಲೇಹ್ಯ, 90 ದಿನದಲ್ಲಿ ನೆನಪು ವಾಪಸ್. ಇನ್‌ಬಾಕ್ಸಿಗೆ ಬನ್ನಿ.

ನಿರ್ವಾಹಕ

ಇನ್‌ಬಾಕ್ಸಿಗೆ ಯಾರೂ ಹೋಗಬೇಡಿ. ಒಂದೆಲಗದ ತಂಬುಳಿ ಊಟಕ್ಕೆ ಚೆನ್ನಾಗಿರುತ್ತದೆ, ಸತ್ತ ನರಕೋಶವನ್ನು ವಾಪಸ್ ತರುವುದಿಲ್ಲ. ಖಾತೆ ಬ್ಲಾಕ್ ಮಾಡಲಾಗಿದೆ.

ರಾತ್ರಿ ಪಾಳಿ

ನಾನು ನರ್ಸ್. ಒಂದೇ ವಿಷಯ ಹೇಳಿ ಹೋಗುತ್ತೇನೆ. ದಿನದಿಂದ ದಿನಕ್ಕೆ ಬುದ್ಧಿ ಏರಿಳಿತ, ಹಾಲ್‌ನಲ್ಲಿ ಮಕ್ಕಳು ಓಡಾಡುತ್ತಿದ್ದಾರೆ ಎಂದು ಸ್ಪಷ್ಟವಾಗಿ ಕಾಣುವುದು, ನಿದ್ರೆಯಲ್ಲಿ ಕೈಕಾಲು ಬೀಸುವುದು, ನಡಿಗೆ ನಿಧಾನ, ಇವು ಇದ್ದರೆ ಲೂಯಿ ಬಾಡಿ ಎನ್ನುವ ಬಗೆಯ ಡಿಮೆನ್ಶಿಯಾ ಇರಬಹುದು. ಇವರಿಗೆ ಗಲಾಟೆ ಮಾಡುತ್ತಾರೆಂದು ಹ್ಯಾಲೊಪೆರಿಡಾಲ್ ಥರದ ಔಷಧಿ ಕೊಟ್ಟರೆ ಮೈ ಬಿಗಿದು ಪ್ರಾಣಕ್ಕೇ ಬರಬಹುದು. ಯಾವ ಆಸ್ಪತ್ರೆಗೆ ಹೋದರೂ ಮೊದಲೇ ಹೇಳಿ. ಇದ್ದಕ್ಕಿದ್ದ ಹಾಗೆ ಒಂದೆರಡು ದಿನದಲ್ಲಿ ಗೊಂದಲ ಜಾಸ್ತಿ ಆದರೆ ಡಿಮೆನ್ಶಿಯಾ ಮುಂದುವರಿದಿದೆ ಎಂದುಕೊಳ್ಳಬೇಡಿ, ಮೂತ್ರದ ಸೋಂಕು, ಜ್ವರ, ಮಲಬದ್ಧತೆ ನೋಡಿಸಿ.

ತಿಪಟೂರು ತೆಂಗು

ಎಷ್ಟು ವಿಷಯ! ಬಿ12 ಕಮ್ಮಿ ಇತ್ತು, ಇಂಜೆಕ್ಷನ್ ಶುರು ಮಾಡಿದ್ದಾರೆ. ಸ್ವಲ್ಪ ಚುರುಕಾದರು, ಪದದ ಸಮಸ್ಯೆ ಹಾಗೇ ಇದೆ. ಅಮ್ಮ ಹದಿನಾರರ ಮಗ್ಗಿ, ದಾಸರ ಪದ ಈಗಲೂ ತಪ್ಪಿಲ್ಲದೆ ಹೇಳುತ್ತಾರಲ್ಲ, ಅದು ಹೇಗೆ? ಹೊಸ ಇಂಜೆಕ್ಷನ್ ಬಂದಿದೆಯಂತೆ, ನಿಜವಾ? ಮತ್ತೆ ಮಾತಾಡುವುದು ಹೇಗೆ, ಅದನ್ನು ಹೇಳಿ ಮೇಡಂ.

ವಾಕ್ ಶ್ರವಣ

ಮಗ್ಗಿ, ಶ್ಲೋಕ, ವಾರದ ಹೆಸರು ಇವೆಲ್ಲ ಪದ ಪದ ಹುಡುಕಿ ಹೇಳುವಂಥದ್ದಲ್ಲ. ಒಂದು ತುದಿ ಹಿಡಿದರೆ ಸಾಲು ಪೂರ್ತಿ ಬರುತ್ತದೆ. ಆಳದ ಭಾಗಗಳು, ಬಲಗಡೆಯ ಅರ್ಧವೂ ಅದಕ್ಕೆ ಕೈಜೋಡಿಸುತ್ತವೆ. ಹಾಡಿನ ನಡುವಿನ ಒಂದು ಪದ ಬಿಡಿಸಿ ಅರ್ಥ ಕೇಳಿದರೆ ಸಿಕ್ಕದೇ ಹೋಗಬಹುದು. ಕೇಳಬೇಡಿ, ಜೊತೆಗೆ ಹಾಡಿ.

ಲೆಕಾನೆಮ್ಯಾಬ್ ಎನ್ನುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಅಮೈಲಾಯ್ಡ್ ತೆಗೆಯುತ್ತದೆ. ಶುರುವಿನ ಹಂತದವರಲ್ಲಿ 18 ತಿಂಗಳಲ್ಲಿ ಇಳಿಕೆ ಸುಮಾರು 27 ಶೇಕಡಾ ನಿಧಾನವಾಯಿತು. ಹೋದದ್ದು ವಾಪಸ್ ಬರಲಿಲ್ಲ, ಮಿದುಳು ಊದುವ, ರಕ್ತ ಜಿನುಗುವ ಅಪಾಯವೂ ಇದೆ. ನಿಮ್ಮಮ್ಮನಿಗೆ ಕೊಟ್ಟಿರುವ ಮಾತ್ರೆ ಡೊನೆಪೆಜಿಲ್ ಇರಬೇಕು, ಅದು ನರಗಳ ನಡುವಿನ ಸಂದೇಶಕ್ಕೆ ಸ್ವಲ್ಪ ಕಾಲ ಆಸರೆ. ಬೆಳಗಾವಿಯ ಅಪ್ಪಾಜಿ ಥರದ ಕಾಯಿಲೆಗೆ ಅದರಿಂದ ಲಾಭ ಇಲ್ಲ, ಕೆಲವರಿಗೆ ಕಿರಿಕಿರಿ ಜಾಸ್ತಿ ಆಗುತ್ತದೆ.

ಮಾತಿನ ವಿಷಯ. ನಾವು ಕನ್ನಡದಲ್ಲಿ ಕರ್ತೃವನ್ನೇ ಬಿಟ್ಟು ಮಾತಾಡುತ್ತೇವೆ. "ಬಂದಿದ್ರು, ಕೊಟ್ಟು ಹೋದ್ರು, ಆಮೇಲೆ ಬರ್ತಾರಂತೆ." ನಮಗೆ ಸಲೀಸು, ಅಮ್ಮನಿಗೆ ಯಾರು, ಏನು ಎಂದು ಒಳಗೆ ಹಿಡಿದಿಡಬೇಕಾದ ಕೆಲಸ. "ಮಾವ ಬಂದಿದ್ರು. ಮಾವ ತೆಂಗಿನಕಾಯಿ ಕೊಟ್ರು" ಎಂದು ಹೆಸರು ಹಿಡಿದು ಹೇಳಿ, ಒಂದು ವಾಕ್ಯಕ್ಕೆ ಒಂದೇ ಸಂಗತಿ. ಟಿವಿ ಆರಿಸಿ, ಮುಖ ನೋಡಿ ಮಾತಾಡಿ. "ಏನು ತಿಂಡಿ ಮಾಡ್ಲಿ?" ಎನ್ನುವ ಬದಲು "ದೋಸೆನಾ, ಇಡ್ಲಿನಾ?" ಎನ್ನಿ. ಪದಕ್ಕೆ ತಡಕಾಡುವಾಗ ಐದಾರು ಸೆಕೆಂಡ್ ತಾಳಿ, ಆಮೇಲೆ ಮೊದಲ ಅಕ್ಷರ ಕೊಟ್ಟು ನೋಡಿ, ಬರದಿದ್ದರೆ ನೀವೇ ಹೇಳಿ ಮುಂದೆ ಹೋಗಿ. ಬಂದ ನೆಂಟರೆಲ್ಲ "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡುವುದನ್ನು ನಿಲ್ಲಿಸಿ. ಅದು ಹಿಂಸೆ. ಬಾಗಿಲಲ್ಲೇ ಹೇಳಿಬಿಡಿ. ಮಗುವಿನ ಜೊತೆ ಮಾತಾಡುವ ಹಾಗೆ ಎಳೆದೆಳೆದು ಮಾತಾಡುವುದೂ ಬೇಡ, ಅವರು ಟೀಚರ್, ಅವರಿಗೆ ಗೊತ್ತಾಗುತ್ತದೆ.

ಕುಂದಾ ಪ್ರಿಯ, ಬೆಳಗಾವಿ

ನಮಗೆ ಮೊದಲ ಅಕ್ಷರ ಕೊಡುವುದು ಉಪಯೋಗಕ್ಕೆ ಬರಲಿಲ್ಲ. ಅರ್ಥವೇ ಹೋದ ಮೇಲೆ ಅಕ್ಷರ ಕೊಟ್ಟು ಏನು? ಹೇಳುವ ಬದಲು ವಸ್ತುವನ್ನೇ ಕೈಗೆ ಕೊಡುತ್ತೇವೆ. ಸ್ನಾನ ಎನ್ನುವುದಿಲ್ಲ, ಟವೆಲ್ ಕೊಡುತ್ತೇವೆ. ಎದ್ದು ಬಚ್ಚಲಿಗೆ ಹೋಗುತ್ತಾರೆ. ದಿನಚರಿ ಬದಲಿಸದಿದ್ದರೆ ಅರ್ಧ ಜಗಳ ಇಲ್ಲ.

ಇನ್ನೊಂದು, ಬ್ಯಾಂಕು, ಆಸ್ತಿ ಕಾಗದ ಅವರಿಗೆ ತಿಳಿಯುವಾಗಲೇ ಮಾತಾಡಿ ಮುಗಿಸಿ. ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ನಾವು ಕೂತಿದ್ದೆವು, ಕೊಟ್ಟವರಿಗೆ ತಿಳಿವಳಿಕೆ ಹೋದರೆ ಅದು ನಡೆಯುವುದಿಲ್ಲ ಎಂದು ವಕೀಲರು ಹೇಳಿದರು.

ಅಂಗಳದ ಚರ್ಚೆ

ಎಲ್ಲ ಓದಿದೆ. ಅಜ್ಜ ಕೊನೆಗೆ ಎಲ್ಲರನ್ನೂ ತಂಗಿ ಹೆಸರಲ್ಲೇ ಕರೆಯುತ್ತಿದ್ದರು, ನಾವು ನಗುತ್ತಿದ್ದೆವು. ಆದರೂ ಕೇಳುತ್ತೇನೆ, ಗುಣ ಆಗಲ್ಲ ಅಂದ ಮೇಲೆ ಯಾವ ಬಗೆ ಎಂದು ತಿಳಿದು ಏನು ಮಾಡುವುದು?

ಬಿಸಿಬೇಳೆ ಸೊಸೆ

ಸರ್, ಬಗೆ ತಿಳಿದ ಮೇಲೇ ನಮ್ಮತ್ತೆಗೆ ಅಡುಗೆಮನೆ ವಾಪಸ್ ಸಿಕ್ಕಿದ್ದು. ಅದಕ್ಕೆ ಮುಂಚೆ ಮರೆವು ಎಂದು ಒಲೆ ಹತ್ತಿರ ಬಿಡುತ್ತಲೇ ಇರಲಿಲ್ಲ.

ತಿಪಟೂರು ತೆಂಗು

ಅಣ್ಣ ನಿನ್ನೆ ಫೋನ್ ಮಾಡಿ ಮುಂದಿನ ಸಲ ಆಸ್ಪತ್ರೆಗೆ ತಾನೇ ಬರುತ್ತೇನೆ ಎಂದ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗೋಣ ಎಂದಿದ್ದೇವೆ. ಏನೇನು ತರಬೇಕು?

ವಾಕ್ ಶ್ರವಣ

ಸ್ಕ್ಯಾನ್‌ನ ರಿಪೋರ್ಟ್ ಮಾತ್ರ ಅಲ್ಲ, ಸಿಡಿಯೂ ತನ್ನಿ. ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿ, ನಿದ್ರೆ ಮಾತ್ರೆ, ಅಲರ್ಜಿ ಮಾತ್ರೆ ಸೇರಿಸಿ. ಕನ್ನಡಕ, ಹಿಯರಿಂಗ್ ಏಡ್ ಇದ್ದರೆ ಕಡ್ಡಾಯ. ಮನೆಯಲ್ಲಿ ಸಹಜವಾಗಿ ಮಾತಾಡುವಾಗ ಎರಡು ಮೂರು ನಿಮಿಷ, ಅಮ್ಮನಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಿ, ಕ್ಲಿನಿಕ್ಕಿನಲ್ಲಿ ಎಲ್ಲರೂ ಸ್ವಲ್ಪ ಬಿಗಿಯಾಗುತ್ತಾರೆ. ಹಾಗೆಯೇ ಒಂದು ವಾರ ಯಾವ ಪದಕ್ಕೆ ತಡವರಿಸಿದರು, ಬದಲಿಗೆ ಏನು ಹೇಳಿದರು ಎಂದು ಅವರ ಮಾತಿನಲ್ಲೇ ಬರೆದಿಡಿ. "ಉರುಳಿಸೋದು" ಇದೆಯಲ್ಲ, ಅದೂ ಇರಲಿ. ಬೆಳಿಗ್ಗೆ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ, ಸಂಜೆಗೆ ದಣಿದಿರುತ್ತಾರೆ. ದೂರದವರು ಯಾರಾದರೂ ಓದುತ್ತಿದ್ದರೆ, ಹಿರಿಯರ ಸಹಾಯವಾಣಿ 14567ಕ್ಕೆ ಬೆಳಿಗ್ಗೆ 8ರಿಂದ ರಾತ್ರಿ 8ರೊಳಗೆ ಫೋನ್ ಮಾಡಿ ಕೇಳಬಹುದು.